ಗಣಿ ನಿಲ್ಲಲಿಲ್ಲ, ಕಂಪನಿ ಮುಳುಗಲಿಲ್ಲ. ನನ್ನ ಷೇರು ಮಾತ್ರ ಎಲ್ಲಿ ಹೋಯಿತು?

ಪ್ರಶ್ನೆ: ನಾನು ಮೈಸೂರಿನವನು. ಕೆಲವು ವರ್ಷ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ. ಪೀಬಾಡಿ ಎನರ್ಜಿ ಎಂಬ ದೊಡ್ಡ ಕಲ್ಲಿದ್ದಲು ಕಂಪನಿಯ ಮುಖ್ಯ ಕಚೇರಿ ಅದೇ ಊರಿನಲ್ಲಿದೆ. 2016ರ ಏಪ್ರಿಲ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಆದರೆ ಆ ವರ್ಷದ ಅಕ್ಟೋಬರ್ ಹೊತ್ತಿಗೆ ಕಲ್ಲಿದ್ದಲ ಬೆಲೆಯೂ ಏರುತ್ತಿತ್ತು, ಷೇರೂ ಏರುತ್ತಿತ್ತು. ಕಂಪನಿ ಚೇತರಿಸಿಕೊಳ್ಳುತ್ತಿದೆ ಎಂದು ನಂಬಿ ಸುಮಾರು ನಾಲ್ಕು ಸಾವಿರ ಡಾಲರ್ ಹಾಕಿದೆ. 2017ರ ಏಪ್ರಿಲ್‌ನಲ್ಲಿ ಕಂಪನಿ ದಿವಾಳಿಯಿಂದ ಹೊರಗೆ ಬಂತು. ನನ್ನ ಖಾತೆಯಲ್ಲಿದ್ದ ಷೇರು ಮಾತ್ರ ಮಾಯವಾಯಿತು! ಅದೇ ಹೆಸರಿನ ಷೇರು ಇವತ್ತಿಗೂ ನ್ಯೂಯಾರ್ಕ್ ಪೇಟೆಯಲ್ಲಿದೆ. ಇದು ಮೋಸ ಅಲ್ವಾ? ನನ್ನ ಪಕ್ಕದ ಮನೆಯಲ್ಲಿ, ಪೀಬಾಡಿಯಿಂದಲೇ ಬೇರೆಯಾದ ಪೇಟ್ರಿಯಟ್ ಕೋಲ್ ಕಂಪನಿಯ ಒಬ್ಬ ನಿವೃತ್ತ ಗಣಿ ಕಾರ್ಮಿಕರಿದ್ದರು. ‘ಆ ಕಂಪನಿ ಹುಟ್ಟಿಸಿದ್ದೇ ಮುಳುಗಿಸೋಕೆ’ ಎನ್ನುತ್ತಿದ್ದರು. ಆಫೀಸಿನಲ್ಲಿ ಕೆಲವರು ಎಲ್ಲಕ್ಕೂ ಒಬಾಮಾ ಸರ್ಕಾರದ ನಿಯಮಗಳೇ ಕಾರಣ ಎನ್ನುತ್ತಿದ್ದರು. ಯಾವುದು ನಿಜ? ಈಗ ನನ್ನ ಭಾವಮೈದ, ಎನ್‌ಸಿಎಲ್‌ಟಿಯಲ್ಲಿ (ನಮ್ಮಲ್ಲಿ ಕಂಪನಿಗಳ ದಿವಾಳಿ ವಿಚಾರಣೆ ನಡೆಸುವ ನ್ಯಾಯಮಂಡಳಿ) ಇರುವ ಒಂದು ಕಂಪನಿಯ ಷೇರು ಮೂರು ರೂಪಾಯಿಗೆ ಸಿಗ್ತಿದೆ, ತಗೊಳ್ಳೋಣ ಎಂದು ಹಟ ಹಿಡಿದಿದ್ದಾನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆ ನಾಲ್ಕಿದ್ದರೂ ಚಿಂತೆ ಒಂದೇ. ಕಂಪನಿ ಉಳಿದರೆ ಅದರಲ್ಲಿ ಹಣ ಹಾಕಿದವನೂ ಉಳಿಯಬೇಕಲ್ಲವೇ ಎಂಬುದು. ದಿವಾಳಿ ಪ್ರಕರಣಗಳಲ್ಲಿ ಕೆಲಸ ಮಾಡುವ ಚಾರ್ಟರ್ಡ್ ಅಕೌಂಟೆಂಟ್ ಆಗಿ ನನಗೆ ಅತಿ ಹೆಚ್ಚು ಎದುರಾಗುವ ಪ್ರಶ್ನೆ ಇದು. ಉತ್ತರ ಕಹಿಯಾದದ್ದು: ಇಲ್ಲ. ಕಂಪನಿ ಉಳಿಯುವುದು ಬೇರೆ, ಅದರ ಹಳೇ ಷೇರು ಉಳಿಯುವುದು ಬೇರೆ. ಎಷ್ಟೋ ಸಲ ಹಳೇ ಷೇರನ್ನು ಅಳಿಸಿ ಹಾಕಿಯೇ ಕಂಪನಿಯನ್ನು ಉಳಿಸುತ್ತಾರೆ.

ಅಮೆರಿಕದಲ್ಲಿ ಕಂಪನಿಗಳ ದಿವಾಳಿಗೆ ಮುಖ್ಯವಾಗಿ ಎರಡು ದಾರಿ. ಚಾಪ್ಟರ್ 7ಕ್ಕೆ ಹೋದರೆ ಬಾಗಿಲು ಮುಚ್ಚಿ, ಆಸ್ತಿ ಮಾರಿ, ಬಂದದ್ದನ್ನು ಹಂಚುತ್ತಾರೆ. ಚಾಪ್ಟರ್ 11ಕ್ಕೆ ಹೋದರೆ ವ್ಯವಹಾರ ನಡೆಯುತ್ತಲೇ ಇರುತ್ತದೆ. ಕೋರ್ಟಿನ ರಕ್ಷಣೆಯಲ್ಲಿ ಸಾಲಗಳನ್ನು ಹೊಸದಾಗಿ ಹೊಂದಿಸುತ್ತಾರೆ. ಪೀಬಾಡಿ ಹೋದದ್ದು ಈ ಎರಡನೇ ದಾರಿಗೆ. ಅರ್ಜಿ ಹಾಕಿದ ದಿನವೂ ವಯೋಮಿಂಗ್‌ನ ನಾರ್ತ್ ಆಂಟಿಲೋಪ್ ರೋಚೆಲ್ ಗಣಿಯಿಂದ ರೈಲುಗಳು ಕಲ್ಲಿದ್ದಲು ಹೊತ್ತು ಹೊರಟಿದ್ದವು. ಒಳ್ಳೆಯ ವರ್ಷದಲ್ಲಿ 10 ಕೋಟಿ ಟನ್ ದಾಟುತ್ತಿದ್ದ ಗಣಿ ಅದು. ಖರ್ಚಿಗೆಂದು 80 ಕೋಟಿ ಡಾಲರ್ ಹೊಸ ಸಾಲವೂ ಏರ್ಪಾಡಾಗಿತ್ತು. ಆಸ್ಟ್ರೇಲಿಯಾದ ಗಣಿಗಳು ಆ ಅರ್ಜಿಯಲ್ಲಿ ಸೇರಿರಲೇ ಇಲ್ಲ. ಹಾಗಾಗಿ ಗಣಿ ನಡೀತಿದೆ, ಅಂದರೆ ಎಲ್ಲಾ ಸರಿಹೋಗ್ತಿದೆ ಎಂದು ನೀವು ಲೆಕ್ಕ ಹಾಕಿದ್ದು ಸಹಜ. ಆದರೆ ಚಾಪ್ಟರ್ 11ರಲ್ಲಿ ಗಣಿ ನಡೆಯುವುದು ಸಾಲ ಕೊಟ್ಟವರಿಗಾಗಿ.

ನಮ್ಮ ಮದುವೆ ಊಟದ ಪಂಕ್ತಿಯ ಹಾಗೆ ಇಲ್ಲೂ ಸರದಿ ಇದೆ. ಮೊದಲ ಪಂಕ್ತಿ, ಆಸ್ತಿ ಅಡವಿಟ್ಟುಕೊಂಡು ಸಾಲ ಕೊಟ್ಟವರದ್ದು. ಆಮೇಲೆ ಕೋರ್ಟಿನ ಖರ್ಚು, ಒಂದು ಮಿತಿಯೊಳಗಿನ ಬಾಕಿ ಸಂಬಳ, ತೆರಿಗೆ. ಅದಾದ ಮೇಲೆ ಅಡಮಾನವಿಲ್ಲದೆ ಕೊಟ್ಟವರು: ಬಾಂಡ್ ಕೊಂಡವರು, ಸರಕು ಪೂರೈಸಿದವರು. ಷೇರುದಾರರದ್ದು ಕಡೇ ಪಂಕ್ತಿ. ಮುಂದಿನವರಿಗೇ ಸಾಲದಿದ್ದರೆ ಕಡೆಯವರಿಗೆ ಎಲೆಯನ್ನೇ ಹಾಕುವುದಿಲ್ಲ. ಪೀಬಾಡಿಯ ಹೊಣೆಗಾರಿಕೆ ಅರ್ಜಿ ಹಾಕಿದಾಗ ಸುಮಾರು 1,010 ಕೋಟಿ ಡಾಲರ್ ಇತ್ತು. ಹಿಂದಿನ ವರ್ಷದ ನಷ್ಟವೇ ಸುಮಾರು 200 ಕೋಟಿ. ಷೇರುದಾರರ ಸರದಿ ಬರುವ ಸಾಧ್ಯತೆ ಮೊದಲಿನಿಂದಲೂ ತೀರಾ ಕಡಿಮೆ ಇತ್ತು.

ಹಾಗಾದರೆ ಆ ಷೇರು ಏರಿದ್ದೇಕೆ? 2016ರಲ್ಲಿ ಚೀನಾ ತನ್ನ ಗಣಿಗಳು ವರ್ಷಕ್ಕೆ 276 ದಿನ ಮಾತ್ರ ಕೆಲಸ ಮಾಡಬೇಕೆಂದು ಕಟ್ಟು ಮಾಡಿತು. ಸರಕು ಕಡಿಮೆಯಾಯಿತು. ಆ ವರ್ಷದ ಆರಂಭದಲ್ಲಿ ಟನ್ನಿಗೆ 81 ಡಾಲರ್ ಇದ್ದ, ಉಕ್ಕು ತಯಾರಿಸಲು ಬಳಸುವ ಕಲ್ಲಿದ್ದಲು ನವೆಂಬರ್‌ನಲ್ಲಿ 300 ದಾಟಿತು. ನ್ಯೂಯಾರ್ಕ್ ಪೇಟೆಯಿಂದ ಹೊರಬಿದ್ದಿದ್ದ ಪೀಬಾಡಿಯ ಹಳೇ ಷೇರು ಬೇರೆ ಗುರುತಿನಲ್ಲಿ ಹೊರಪೇಟೆಯಲ್ಲಿ ಕೈ ಬದಲಾಯಿಸುತ್ತಿತ್ತು. ಅದು ಹಲವು ಪಟ್ಟು ಜಿಗಿಯಿತು. ನೀವು ಕೊಂಡದ್ದು ಆ ಜಿಗಿತದಲ್ಲಿ. ಡಿಸೆಂಬರ್‌ನಲ್ಲಿ ಕಂಪನಿ ಕೋರ್ಟಿಗೆ ಕೊಟ್ಟ ಯೋಜನೆಯಲ್ಲಿ ಹಳೇ ಷೇರು ರದ್ದು, ಅದಕ್ಕೆ ಬದಲಾಗಿ ಏನೂ ಇಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. 2017ರ ಮಾರ್ಚ್‌ನಲ್ಲಿ ಕೋರ್ಟು ಒಪ್ಪಿತು. ಏಪ್ರಿಲ್ 3ರಂದು ಅದು ಜಾರಿಗೆ ಬಂತು.

ಕಾನೂನಿನ ಕಣ್ಣಲ್ಲಿ ಇದು ಮೋಸವಲ್ಲ. ಆದರೆ ಎಲ್ಲರಿಗೂ ಒಂದೇ ಅಳತೆ ಸಿಕ್ಕಿತು ಎಂದು ನಾನು ಹೇಳಲಾರೆ. ಹೊಸ ಬಂಡವಾಳವಾಗಿ 150 ಕೋಟಿ ಡಾಲರ್ ಎತ್ತಿದಾಗ ಅದರ ಅರ್ಧಭಾಗವನ್ನು ಖಾಸಗಿಯಾಗಿ, 35 ಶೇಕಡಾ ರಿಯಾಯಿತಿಯಲ್ಲಿ ಕೊಡಲಾಯಿತು. ಯೋಜನೆ ರೂಪಿಸುವಾಗ ಮೇಜಿನ ಸುತ್ತ ಕೂತಿದ್ದ ದೊಡ್ಡ ಫಂಡ್‌ಗಳಿಗೆ ಅದರಲ್ಲಿ ದೊಡ್ಡ ಪಾಲು ಸಿಕ್ಕಿತು. ಹೊರಗುಳಿದ ಕೆಲವು ಬಾಂಡ್‌ದಾರರು ಇದನ್ನು ಮೇಲಿನ ಕೋರ್ಟಿಗೆ ಒಯ್ದರು. 2019ರಲ್ಲಿ ಅಲ್ಲೂ ಸೋತರು. ಬೆಲೆ ಏರಿದ ಮೇಲೆ ಕಂಪನಿಯ ಮೌಲ್ಯ ಯೋಜನೆಯಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಎಂಬ ಷೇರುದಾರರ ವಾದವೂ ನಿಲ್ಲಲಿಲ್ಲ. ಇಂಥ ಸಭೆಗಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಮೌಲ್ಯ ಎಷ್ಟು ಎಂಬ ಅಂಕಿಯನ್ನು ಯಾರು ಬರೆಯುತ್ತಾರೋ ಅವರೇ ಯಾರಿಗೆ ಎಷ್ಟು ಎಂಬುದನ್ನೂ ಬರೆದ ಹಾಗೆ. ಸಣ್ಣ ಷೇರುದಾರ ಆ ಕೋಣೆಯಲ್ಲಿ ಇರುವುದೇ ಇಲ್ಲ.

ಇನ್ನು ಕಾರಣದ ವಿಷಯ. 1883ರಲ್ಲಿ ಷಿಕಾಗೋದಲ್ಲಿ ಫ್ರಾನ್ಸಿಸ್ ಪೀಬಾಡಿ ಎಂಬ ಯುವಕ ಶುರುಮಾಡಿದ ಕಲ್ಲಿದ್ದಲು ವ್ಯಾಪಾರ ಇದು. ನಡುವೆ ಅನೇಕ ಒಡೆಯರನ್ನು ಕಂಡಿತು: ಕೆನ್ನೆಕಾಟ್ ಎಂಬ ತಾಮ್ರದ ಕಂಪನಿ, ಬ್ರಿಟನ್ನಿನ ಹ್ಯಾನ್ಸನ್, ಆಮೇಲೆ ಲೇಮನ್ ಬ್ರದರ್ಸ್. 2001ರಲ್ಲಿ ಮತ್ತೆ ಷೇರುಪೇಟೆಗೆ ಬಂತು. 130 ವರ್ಷ ದಾಟಿದ ಕಂಪನಿ ಕುಸಿದದ್ದು ಬೆಲೆ ಬಿದ್ದದ್ದಕ್ಕೆ ಎಂದಷ್ಟೇ ಹೇಳಿದರೆ ಅರ್ಧ ಮಾತು. ಬೆಲೆ ಮೇಲಿದ್ದಾಗ ಅದು ಮಾಡಿದ ಸಾಲವೇ ಉಳಿದರ್ಧ.

2010ರ ಕೊನೆ, 2011ರ ಆರಂಭದಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಭಾರೀ ಪ್ರವಾಹ ಬಂತು. ಜಗತ್ತಿನ ಉಕ್ಕಿನ ಕುಲುಮೆಗಳಿಗೆ ಬೇಕಾದ ಕಲ್ಲಿದ್ದಲಲ್ಲಿ ದೊಡ್ಡ ಪಾಲು ಅಲ್ಲಿಂದಲೇ ಬರುತ್ತದೆ. (ನಮ್ಮ ಬಳ್ಳಾರಿಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯೂ ಹೊರದೇಶದ ಕೋಕಿಂಗ್ ಕಲ್ಲಿದ್ದಲನ್ನೇ ನೆಚ್ಚಿಕೊಂಡಿದೆ. ನೂರು ಡಾಲರ್ ಏರಿದರೂ ಇಳಿದರೂ ಅಲ್ಲಿಗೂ ಬಿಸಿ ತಟ್ಟುತ್ತದೆ.) ಕ್ವೀನ್ಸ್‌ಲ್ಯಾಂಡ್‌ನ ಗಣಿಗಳಲ್ಲಿ ನೀರು ನಿಂತಿತು. ಬೆಲೆ ಟನ್ನಿಗೆ 330 ಡಾಲರ್‌ಗೆ ಹೋಯಿತು. ಚೀನಾದ ಬೇಡಿಕೆ ಎಂದೂ ಇಳಿಯದು ಎಂದು ಎಲ್ಲರೂ ನಂಬಿದ್ದರು. ಆ ಒಂದೇ ವರ್ಷದಲ್ಲಿ ಅಮೆರಿಕದ ನಾಲ್ಕು ಕಂಪನಿಗಳು ಪೈಪೋಟಿಗೆ ಬಿದ್ದು ಕೊಂಡವು. ಆಲ್ಫಾ ನ್ಯಾಚುರಲ್ ರಿಸೋರ್ಸಸ್ ಸುಮಾರು 710 ಕೋಟಿ ಡಾಲರ್‌ಗೆ ಮ್ಯಾಸ್ಸಿ ಎನರ್ಜಿಯನ್ನು ಕೊಂಡಿತು. ಹಿಂದಿನ ವರ್ಷವಷ್ಟೇ ಆ ಮ್ಯಾಸ್ಸಿಯ ಅಪ್ಪರ್ ಬಿಗ್ ಬ್ರಾಂಚ್ ಗಣಿಯಲ್ಲಿ ಸ್ಫೋಟವಾಗಿ 29 ಜನ ಸತ್ತಿದ್ದರು. ಆರ್ಚ್ ಕೋಲ್ 340 ಕೋಟಿಗೆ ಇಂಟರ್‌ನ್ಯಾಷನಲ್ ಕೋಲ್ ಗ್ರೂಪ್ ಕೊಂಡಿತು. ವಾಲ್ಟರ್ ಎನರ್ಜಿ 330 ಕೋಟಿಗೆ ವೆಸ್ಟರ್ನ್ ಕೋಲ್ ಕೊಂಡಿತು. ಪೀಬಾಡಿ ಸುಮಾರು 490 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗೆ ಕ್ವೀನ್ಸ್‌ಲ್ಯಾಂಡ್‌ನ ಮ್ಯಾಕಾರ್ಥರ್ ಕೋಲ್ ಕೊಂಡಿತು. ಈ ಖರೀದಿಗೆ ಜೊತೆಗೂಡಿದ್ದ ಉಕ್ಕಿನ ಕಂಪನಿ ಆರ್ಸೆಲರ್ ಮಿತ್ತಲ್ ಕೊನೆಯಲ್ಲಿ ಹಿಂದೆ ಸರಿಯಿತು. ಭಾರ ಪೂರ್ತಿ ಪೀಬಾಡಿಯ ಹೆಗಲಿಗೆ ಬಂತು.

ನೀರು ಇಳಿಯಿತು, ಗಣಿಗಳು ಮತ್ತೆ ತೆರೆದವು, ಚೀನಾದ ಓಟ ನಿಧಾನವಾಯಿತು. ಬೆಲೆ ವರ್ಷದಿಂದ ವರ್ಷಕ್ಕೆ ಜಾರಿತು. ಸಾಲದ ಬಡ್ಡಿ ಜಾರಲಿಲ್ಲ. 2015ರ ಜುಲೈನಲ್ಲಿ ವಾಲ್ಟರ್, ಆಗಸ್ಟ್‌ನಲ್ಲಿ ಆಲ್ಫಾ, 2016ರ ಜನವರಿಯಲ್ಲಿ ಆರ್ಚ್, ಏಪ್ರಿಲ್‌ನಲ್ಲಿ ಪೀಬಾಡಿ. ನಾಲ್ಕೂ ಒಂದು ವರ್ಷದೊಳಗೆ ದಿವಾಳಿ ಕೋರ್ಟಿನ ಬಾಗಿಲಲ್ಲಿ ನಿಂತವು. ಇದನ್ನು ಕಾಕತಾಳೀಯ ಎಂದು ನನ್ನ ಕಸುಬಿನ ಯಾರೂ ಹೇಳುವುದಿಲ್ಲ.

ಅದೇ ಹೊತ್ತಿಗೆ ಮನೆಯೊಳಗೂ ಪೇಟೆ ಕುಸಿಯುತ್ತಿತ್ತು. ಶೇಲ್ ಬಂಡೆ ಒಡೆದು ತೆಗೆಯುವ ಅನಿಲ ಅಮೆರಿಕದಲ್ಲಿ ಹೊಳೆಯಾಗಿ ಹರಿಯಿತು. 2012ರ ಏಪ್ರಿಲ್‌ನಲ್ಲಿ ಅನಿಲದ ಬೆಲೆ (ಹತ್ತು ಲಕ್ಷ ಬಿಟಿಯು ಎಂಬ ಶಾಖದ ಅಳತೆಗೆ) ಎರಡು ಡಾಲರ್‌ಗಿಂತ ಕೆಳಗೆ ಬಂತು. ಆ ತಿಂಗಳು ದೇಶದ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲೂ ಅನಿಲದ ಪಾಲೂ ಸಮ, ತಲಾ 32 ಶೇಕಡಾ. 2005ರಲ್ಲಿ ಕಲ್ಲಿದ್ದಲಿನ ಪಾಲು ಸುಮಾರು ಅರ್ಧ ಇತ್ತು. ಗ್ರಾಹಕ ಹೀಗೆ ಕೈಬಿಟ್ಟು ಹೋದರೆ ಯಾವ ಕಂಪನಿಗೂ ಕಷ್ಟವೇ. ಮೈತುಂಬ ಸಾಲ ಹೊತ್ತ ಕಂಪನಿಗಂತೂ ಉಳಿಗಾಲವಿಲ್ಲ.

ಸರ್ಕಾರದ ನಿಯಮಗಳ ಪಾತ್ರ? ಇದೆ, ಆದರೆ ನಿಮ್ಮ ಆಫೀಸಿನವರು ಹೇಳಿದಷ್ಟಿಲ್ಲ. ಪಾದರಸದ ಹೊಗೆಗೆ ಮಿತಿ ಹಾಕಿದ ನಿಯಮದಿಂದ ಹಳೇ ವಿದ್ಯುತ್ ಸ್ಥಾವರಗಳು ಬೇಗ ಮುಚ್ಚಿದವು. ಅದು ನಿಜ. ಆದರೆ ಜಾಸ್ತಿ ಬೈಗುಳ ತಿಂದ ಕ್ಲೀನ್ ಪವರ್ ಪ್ಲಾನ್, ಅಂದರೆ ವಿದ್ಯುತ್ ಸ್ಥಾವರಗಳು ಉಗುಳುವ ಇಂಗಾಲಕ್ಕೆ ಮಿತಿ ಹಾಕುವ ನಿಯಮ, ಜಾರಿಗೇ ಬರಲಿಲ್ಲ. 2016ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಪೀಬಾಡಿ ಅರ್ಜಿ ಹಾಕಿದ್ದು ಅದಾಗಿ ಎರಡು ತಿಂಗಳಿಗೆ. ಜಾರಿಗೆ ಬಾರದ ನಿಯಮ ಕಂಪನಿಯನ್ನು ಮುಳುಗಿಸಲು ಸಾಧ್ಯವಿಲ್ಲ.

ಇನ್ನು ನಿಮ್ಮ ಪಕ್ಕದ ಮನೆಯವರ ಮಾತು. ನಿಮ್ಮ ನಾಲ್ಕು ಸಾವಿರ ಡಾಲರ್‌ಗಿಂತ ನನಗೆ ಜಾಸ್ತಿ ಕಾಡುವುದು ಇದು.

2007ರ ಅಕ್ಟೋಬರ್ 31ರಂದು ಪೀಬಾಡಿ ತನ್ನ ಪೂರ್ವದ ಗಣಿಗಳನ್ನು, ಅಂದರೆ ವೆಸ್ಟ್ ವರ್ಜೀನಿಯಾ ಮತ್ತು ಕೆಂಟಕಿಯ ಗಣಿಗಳನ್ನು, ಪೇಟ್ರಿಯಟ್ ಎಂಬ ಹೊಸ ಕಂಪನಿಯಾಗಿ ಬೇರೆ ಮಾಡಿತು. ಗಣಿಗಳ ಜೊತೆ ಯೂನಿಯನ್ನಿನ ಸಾವಿರಾರು ನಿವೃತ್ತರ ಆಸ್ಪತ್ರೆ ಖರ್ಚಿನ ಹೊಣೆಯೂ ಅಲ್ಲಿಗೆ ಹೋಯಿತು. ಲಾಭ ಕೊಡುವ ವಯೋಮಿಂಗ್, ಆಸ್ಟ್ರೇಲಿಯಾ ಪೀಬಾಡಿಯಲ್ಲೇ ಉಳಿದವು. ಮರುವರ್ಷ ಪೇಟ್ರಿಯಟ್ ಮ್ಯಾಗ್ನಮ್ ಎಂಬ ಕಂಪನಿಯನ್ನು ಕೊಂಡಿತು. ಅದರಲ್ಲಿದ್ದದ್ದು ಆರ್ಚ್ ಕಳಚಿಕೊಂಡಿದ್ದ ಹಳೇ ಗಣಿಗಳು, ಅವುಗಳ ನಿವೃತ್ತರು. ಹೀಗೆ ಎರಡು ದೊಡ್ಡ ಕಂಪನಿಗಳ ಹಳೇ ಹೊರೆ ಒಂದು ಸಣ್ಣ ಕಂಪನಿಯ ತಲೆಗೆ ಬಂತು. ಈ ನಿವೃತ್ತರಲ್ಲಿ ಬಹುಪಾಲು ಜನ ಪೇಟ್ರಿಯಟ್‌ಗಾಗಿ ಒಂದು ದಿನವೂ ದುಡಿದವರಲ್ಲ ಎಂದು ಯುನೈಟೆಡ್ ಮೈನ್ ವರ್ಕರ್ಸ್ ಯೂನಿಯನ್ ಮತ್ತೆ ಮತ್ತೆ ಹೇಳಿತು.

ಬೇಕೆಂದೇ ಮುಳುಗುವ ಹಾಗೆ ಕಟ್ಟಿದರೇ? ಪೀಬಾಡಿ ಅದನ್ನು ಒಪ್ಪಲಿಲ್ಲ. ಬೇರೆಯಾದಾಗ ಪೇಟ್ರಿಯಟ್ ಗಟ್ಟಿಯಾಗಿಯೇ ಇತ್ತು, ಪೇಟೆ ಕೆಟ್ಟದ್ದರಿಂದ ಬಿತ್ತು ಎಂದಿತು. 2008ರಲ್ಲಿ ಆ ಷೇರು ಚೆನ್ನಾಗಿಯೇ ಏರಿತ್ತು ಎಂಬುದೂ ನಿಜ. ಉದ್ದೇಶ ಯಾರದ್ದು ಏನಿತ್ತು ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಲೆಕ್ಕ ನೋಡುವವನಾಗಿ ಇಷ್ಟು ಹೇಳಬಲ್ಲೆ: ಬಹುವರ್ಷದ ಹೊಣೆಯನ್ನು ಕಡಿಮೆ ಆಯಸ್ಸಿನ ಗಣಿಗಳ ಜೊತೆ ಕಟ್ಟಿಹಾಕಿದರೆ, ಮೊದಲ ಕೆಟ್ಟ ವರ್ಷದಲ್ಲೇ ಬಿರುಕು ಬಿಡುತ್ತದೆ. 2012ರ ಜುಲೈ 9ರಂದು ಬಿರುಕು ಬಿಟ್ಟಿತು. ಪೇಟ್ರಿಯಟ್ ದಿವಾಳಿ ಅರ್ಜಿ ಹಾಕಿತು. 2013ರ ಮೇ ಕೊನೆಯಲ್ಲಿ ಸೇಂಟ್ ಲೂಯಿಸ್‌ನ ಕೋರ್ಟು, ಕಾರ್ಮಿಕ ಒಪ್ಪಂದವನ್ನೂ ನಿವೃತ್ತರ ಆರೋಗ್ಯ ಸೌಲಭ್ಯವನ್ನೂ ಬದಲಿಸಲು ಕಂಪನಿಗೆ ಅನುಮತಿ ಕೊಟ್ಟಿತು. ಅಮೆರಿಕದ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ. ಗಣಿಯಲ್ಲಿ ಶ್ವಾಸಕೋಶ ಕಪ್ಪಾಗಿಸಿಕೊಂಡು ಮನೆಗೆ ಮರಳಿದವರಿಗೆ ಆ ಕಾಗದ ಹೇಗೆ ಕಂಡಿರಬೇಕು ಯೋಚಿಸಿ. ಆ ವರ್ಷ ಅವರು ಸಾವಿರಾರು ಸಂಖ್ಯೆಯಲ್ಲಿ ನಿಮ್ಮ ಸೇಂಟ್ ಲೂಯಿಸ್‌ನ ಬೀದಿಗಿಳಿದರು. ಯೂನಿಯನ್ ಅಧ್ಯಕ್ಷ ಸೆಸಿಲ್ ರಾಬರ್ಟ್ಸ್ ಬಂಧನಕ್ಕೂ ಒಳಗಾದರು. ಕೊನೆಗೆ ಆ ವರ್ಷದ ಅಕ್ಟೋಬರ್‌ನಲ್ಲಿ ಪೀಬಾಡಿ ಕಂತುಗಳಲ್ಲಿ 31 ಕೋಟಿ ಡಾಲರ್ ಕೊಡಲು ಒಪ್ಪಿತು.

ಪೇಟ್ರಿಯಟ್ ಆ ಡಿಸೆಂಬರ್‌ನಲ್ಲಿ ಹೊರಬಂತು. ಒಂದೂವರೆ ವರ್ಷಕ್ಕೆ, 2015ರ ಮೇನಲ್ಲಿ, ಮತ್ತೆ ದಿವಾಳಿ. ಈ ಸಲ ಗಣಿಗಳು ಹಂಚಿಹೋದವು. ದೊಡ್ಡ ಪಾಲು ಕೊಂಡ ಬ್ಲ್ಯಾಕ್‌ಹಾಕ್ ಮೈನಿಂಗ್ ಕೂಡ 2019ರಲ್ಲಿ ದಿವಾಳಿ ಕೋರ್ಟಿಗೆ ಹೋಯಿತು. ನಡುವೆ ಪೀಬಾಡಿಯೇ ದಿವಾಳಿಯಾದಾಗ ನಿವೃತ್ತರ ನಿಧಿಗೆ ಬರಬೇಕಿದ್ದ ಉಳಿದ ಕಂತುಗಳೂ ರಾಜಿಯಲ್ಲಿ ಕರಗಿದವು. ಅಂತಿಮವಾಗಿ ಆ ಜನರ ಕೈಹಿಡಿದದ್ದು ಅಮೆರಿಕದ ಸಂಸತ್ತು. 2017ರ ಮೇನಲ್ಲಿ 22,000ಕ್ಕೂ ಹೆಚ್ಚು ನಿವೃತ್ತ ಗಣಿ ಕಾರ್ಮಿಕರು ಮತ್ತು ಅವರ ಮನೆಯವರ ಆರೋಗ್ಯ ಸೌಲಭ್ಯವನ್ನು ಕಾಯಂ ಮಾಡಿದರು. 2019ರ ಡಿಸೆಂಬರ್‌ನಲ್ಲಿ ಮುಳುಗುತ್ತಿದ್ದ ಪಿಂಚಣಿ ನಿಧಿಯನ್ನೂ ಉಳಿಸಿದರು. ಅದರ ಹಿಂದಿನ ಅಕ್ಟೋಬರ್‌ನಲ್ಲಿ, ಆ ನಿಧಿಗೆ ಹಣ ಹಾಕುತ್ತಿದ್ದ ಕೊನೆಯ ದೊಡ್ಡ ಕಂಪನಿ ಮರ್ರಿ ಎನರ್ಜಿಯೂ ದಿವಾಳಿಯಾಗಿತ್ತು. ನಿಮ್ಮ ನೆರೆಯವರು ಆ ಪಟ್ಟಿಯಲ್ಲಿದ್ದರೆ ಅವರಿಗೆ ನೆಮ್ಮದಿ ಸಿಕ್ಕಿರುತ್ತದೆ. ಬಿಲ್ಲು ಮಾತ್ರ ಕಂಪನಿಗಳಿಂದ ಸರ್ಕಾರದ ಖಜಾನೆಗೆ ವರ್ಗವಾಯಿತು.

ಅಗೆದ ನೆಲದ ಕಥೆಯೂ ಹೀಗೇ ಆಗುವುದರಲ್ಲಿತ್ತು. ಗಣಿ ಮುಗಿದ ಮೇಲೆ ನೆಲವನ್ನು ಸರಿಪಡಿಸಿ ಹಸಿರು ಮಾಡಬೇಕೆಂದು 1977ರ ಕಾಯ್ದೆ ಹೇಳುತ್ತದೆ. ಅದಕ್ಕೆ ಮುಂಚೆಯೇ ಭದ್ರತೆ ಇಡಬೇಕು. ಆದರೆ ಗಟ್ಟಿ ಕಂಪನಿಗಳು ಹಣವಾಗಲಿ ವಿಮೆಯಾಗಲಿ ಇಡದೆ ಸ್ವಂತ ಮಾತಿನ ಮೇಲೆ ನಡೆಯಲು ವಯೋಮಿಂಗ್‌ನಂಥ ರಾಜ್ಯಗಳು ಬಿಟ್ಟಿದ್ದವು. ಪೀಬಾಡಿ ಒಂದರದ್ದೇ ಇಂಥ ಬರೀ ಮಾತಿನ ಭದ್ರತೆ ನೂರು ಕೋಟಿ ಡಾಲರ್ ಮೀರಿತ್ತು. ದಿವಾಳಿಯ ಹೊತ್ತಿಗೆ ಎಲ್ಲರಿಗೂ ಗಾಬರಿಯಾಯಿತು. ಹೊರಬರುವಾಗ ಬೇರೆ ಸಂಸ್ಥೆಗಳ ಭದ್ರತೆ ಇಡಬೇಕಾಯಿತು. ಇದೊಂದು ಒಳ್ಳೆಯ ಬದಲಾವಣೆ ಎಂದು ನಾನು ಒತ್ತಿ ಹೇಳುತ್ತೇನೆ.

ಈಗ ನಿಮ್ಮ ಹಣ. ಅದು ವಾಪಸು ಬರುವುದಿಲ್ಲ. ನೇರವಾಗಿ ಹೇಳಿಬಿಡುವುದೇ ಒಳ್ಳೆಯದು. ಹಳೇ ಷೇರುದಾರರಿಗೆ ಹಣ ಕೊಡಿಸುತ್ತೇವೆ, ಮೊದಲು ಇಷ್ಟು ಶುಲ್ಕ ಕಟ್ಟಿ ಎಂದು ಯಾರಾದರೂ ಮೇಲ್ ಕಳಿಸಿದರೆ ಅದು ನಿಜವಾದ ಮೋಸ. ಉತ್ತರವನ್ನೇ ಕೊಡಬೇಡಿ. ತೆರಿಗೆಯಲ್ಲಿ ಒಂದು ಸಣ್ಣ ಸಮಾಧಾನವಿತ್ತು. ಅಮೆರಿಕದಲ್ಲಿ ಬೆಲೆ ಪೂರ್ತಿ ಕಳೆದುಕೊಂಡ ಷೇರನ್ನು ಬಂಡವಾಳ ನಷ್ಟವೆಂದು ತೋರಿಸಬಹುದು. ಬೇರೆ ಲಾಭವಿಲ್ಲದಿದ್ದರೆ ವರ್ಷಕ್ಕೆ 3,000 ಡಾಲರ್‌ವರೆಗೆ ಸಂಬಳದ ಆದಾಯದಲ್ಲೇ ಕಳೆಯಬಹುದು, ಉಳಿದದ್ದು ಮುಂದಿನ ವರ್ಷಕ್ಕೆ. 2017ರ ರಿಟರ್ನ್‌ನಲ್ಲಿ ತೋರಿಸಿದ್ದೀರಾ ನೋಡಿ. ಮರೆತಿದ್ದರೆ ತಿದ್ದಲು ಏಳು ವರ್ಷದ ಅವಕಾಶ ಇತ್ತು. ಅದು 2025ರ ಏಪ್ರಿಲ್‌ಗೆ ಮುಗಿಯಿತು.

ಭಾವಮೈದನ ಮೂರು ರೂಪಾಯಿ ಷೇರಿಗೆ ಬರೋಣ. ನಮ್ಮ 2016ರ ದಿವಾಳಿ ಸಂಹಿತೆಯಲ್ಲೂ ಷೇರುದಾರರ ಜಾಗ ಕೊನೆಯಲ್ಲೇ. ಒಂದು ವ್ಯತ್ಯಾಸ ಮೆಚ್ಚಬೇಕು: ಕಂಪನಿಯನ್ನು ಮುಚ್ಚಿ ಹಂಚುವಾಗ ಕಾರ್ಮಿಕರ 24 ತಿಂಗಳ ಬಾಕಿಯನ್ನು ಅಡಮಾನ ಸಾಲದ ಸಮಕ್ಕೆ ಇಟ್ಟಿದ್ದಾರೆ. ಷೇರುದಾರರಿಗೆ ಅಂಥ ರಕ್ಷಣೆ ಇಲ್ಲ. 2021ರಲ್ಲಿ ಡಿಎಚ್‌ಎಫ್‌ಎಲ್ ಎಂಬ ಗೃಹಸಾಲ ಕಂಪನಿ ಪಿರಾಮಲ್ ಸಮೂಹದ ಕೈಗೆ ಹೋದಾಗ ಹಳೇ ಷೇರಿನ ಬೆಲೆ ಸೊನ್ನೆ ಎಂದು ಪೇಟೆಯಿಂದಲೇ ತೆಗೆದರು. ಹೊಸ ಒಡೆಯ ಸಿಕ್ಕ, ಇನ್ನು ಏರುತ್ತೆ ಎಂದು ಕೊನೇ ದಿನಗಳಲ್ಲಿ ಕೊಂಡವರು ಬಹಳ ಜನ. ನಿಮ್ಮ ಭಾವಮೈದ, ದಿವಾಳಿಯಾಗಿದ್ದ ಅಡುಗೆ ಎಣ್ಣೆ ಕಂಪನಿ ರುಚಿ ಸೋಯಾದ ಉದಾಹರಣೆ ಕೊಡಬಹುದು. ಅಲ್ಲಿ ಹಳೇ ಷೇರು ಉಳಿಯಿತು, ನಿಜ. ಆದರೆ ನೂರು ಷೇರಿಗೆ ಒಂದು ಎಂಬ ಲೆಕ್ಕದಲ್ಲಿ. 2020ರಲ್ಲಿ ಅದು ಸಾವಿರ ರೂಪಾಯಿ ದಾಟಿದ್ದಕ್ಕೆ, ಜನರ ಕೈಯಲ್ಲಿ ಉಳಿದಿದ್ದ ಷೇರು ಸುಮಾರು ಒಂದು ಶೇಕಡಾ ಮಾತ್ರ ಎಂಬುದು ದೊಡ್ಡ ಕಾರಣ. ಅದನ್ನು ನಂಬಿ ಇನ್ನೊಂದನ್ನು ಕೊಳ್ಳುವುದು ಬೇಡ.

ಕಂಪನಿಯ ಮೇಲೆ ನಿಜವಾಗಿ ಭರವಸೆ ಇದ್ದರೆ, ಯೋಜನೆ ಮಂಜೂರಾಗಿ ಹೊಸ ಷೇರು ಪೇಟೆಗೆ ಬರುವವರೆಗೆ ಕಾಯುವುದು ಲೇಸು. ಬೆಲೆ ಜಾಸ್ತಿ ಇರಬಹುದು, ಆದರೆ ಏನು ಕೊಳ್ಳುತ್ತಿದ್ದೀರಿ ಎಂಬುದು ಗೊತ್ತಿರುತ್ತದೆ. ಅದೂ ಪೂರ್ತಿ ಸುರಕ್ಷಿತವಲ್ಲ. ದಿವಾಳಿಯಿಂದ ಹೊರಬಂದ ಪೀಬಾಡಿಯೇ 2020ರ ನವೆಂಬರ್‌ನಲ್ಲಿ ತಾನು ಮುಂದುವರಿಯುವ ಬಗ್ಗೆ ಅನುಮಾನವಿದೆ ಎಂದು ಹೂಡಿಕೆದಾರರಿಗೆ ತಿಳಿಸಿತ್ತು. ಆಮೇಲೆ ಸಾಲದ ಗಡುವು ಮುಂದೂಡಿಸಿಕೊಂಡು, ಕಲ್ಲಿದ್ದಲ ಬೆಲೆಯೂ ಏರಿದ್ದರಿಂದ ಪಾರಾಯಿತು. ಕಾಯಲು ಭಾವಮೈದ ಒಪ್ಪದಿದ್ದರೆ, ಆ ಕಂಪನಿ ಷೇರುಪೇಟೆಗೆ ಕೊಟ್ಟಿರುವ ಪ್ರಕಟಣೆಗಳನ್ನು ತೆಗೆಸಿ ಜೊತೆಗೆ ಕೂತು ಓದಿ. ಎನ್‌ಎಸ್‌ಇ, ಬಿಎಸ್‌ಇ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿದರೆ ಪುಕ್ಕಟೆ ಸಿಗುತ್ತವೆ. ಒಪ್ಪಿದ ಸಾಲದ ಮೊತ್ತ ಎಷ್ಟು, ಕೊಳ್ಳಲು ಬಂದವರು ಕೊಡುತ್ತೇವೆ ಎಂದಿರುವುದು ಎಷ್ಟು ಎಂದು ಮೊದಲು ನೋಡಿ. ಎರಡನೆಯದು ಮೊದಲನೆಯದಕ್ಕಿಂತ ಕಡಿಮೆ ಇದ್ದರೆ ಷೇರುದಾರರಿಗೆ ಉಳಿಯುವುದು ಹೆಚ್ಚುಕಮ್ಮಿ ಏನೂ ಇಲ್ಲ. ಆಮೇಲೆ ಹಳೇ ಷೇರು ಬಂಡವಾಳವನ್ನು ‘ರದ್ದು’ ಅಥವಾ ‘ಕಡಿತ’ ಮಾಡಲಾಗುವುದು ಎಂಬ ಸಾಲು ಹುಡುಕಿ. ಅದು ಸಿಕ್ಕರೆ ಮೂರು ರೂಪಾಯಿಯಲ್ಲ, ಮೂವತ್ತು ಪೈಸೆಗೂ ಕೊಳ್ಳಬೇಡಿ.